ಹಾಡುವವರು ಯಾರು, ಹಲಗೆ ಬಾರಿಸುವವರು ಯಾರು

ಮೊಮ್ಮಕ್ಕಳೇ, ಮೊದಲಿಗೆ ಆ ಸಿನಿಮಾದವರು ನಮಗೆ ಒಂದು ಹಾಡು ತೋರಿಸಿದರು. ಕೇಳಿಸಿದರು ಎಂದು ಬರೆಯಬೇಕು, ಆದರೆ ಅದರಲ್ಲಿ ಕೇಳುವುದಕ್ಕಿಂತ ನೋಡುವುದೇ ಹೆಚ್ಚಿತ್ತು. ಸೋಮವಾರದ ಭಜನೆ ಮುಗಿಸಿ ನಾವು ಹೆಣ್ಣುಮಕ್ಕಳು ಗುಡಿಯ ಪಡಸಾಲೆಯಲ್ಲಿ ಕುಳಿತಿದ್ದೆವು. ಮೈಸೂರು ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತೆರೆದು ನಮ್ಮ ಮುಂದಿಟ್ಟಳು. ಅದರೊಳಗೆ ಪರದೇಶದ ನಾಲ್ವರು ಗಂಡಸರು. ನಮಗಿಂತ ಉದ್ದ ಕೂದಲು. ಇಬ್ಬರ ಕೈಯಲ್ಲಿ ಗಿಟಾರ್. ಹಿಂದೆ ಒಬ್ಬ ಡ್ರಮ್ಮುಗಳ ನಡುವೆ ಕುಳಿತು ಕಳ್ಳನನ್ನು ಹಿಡಿದವರು ಹೊಡೆಯುವಂತೆ ಹೊಡೆಯುತ್ತಿದ್ದ. ಮುಂದೆ ನಿಂತವನು ಹಾಡುತ್ತ ಹಾಡುತ್ತ ಅಂಗಿ ಹರಿದುಕೊಂಡ, ಎದುರಿಗಿದ್ದ ಜನರ ಮೇಲೆ ನೀರು ಎರಚಿದ, ಕೊನೆಗೆ ನೆಲಕ್ಕೆ ಬಿದ್ದು ಹೊರಳಾಡಿದ. ಜನ ಚೀರುತ್ತಿದ್ದರು, ಕೆಲವರು ಅಳುತ್ತಿದ್ದರು.

"ಅವಗ ಏನಾಗೇತ್ರಿ?" ಎಂದು ಮೆಲ್ಲಗೆ ಕೇಳಿದೆ.

"ದೇವರು ಬಂದಿರಬೇಕು ತಗೋ," ಎಂದರು ಗೌಡಸಾನಿ. ಅವರು ಊರ ಗೌಡರ ಹೆಂಡತಿ, ನಮ್ಮ ಭಜನಾ ಮಂಡಳಿಯ ಮುಂದಾಳು. ಮನೆ ದೊಡ್ಡದು, ದನಿ ಇನ್ನೂ ದೊಡ್ಡದು.

"ದೇವರು ಬಂದ್ರ ಅಂಗಿ ಯಾಕ ಹರಕೋತಾನ್ರಿ? ದೇವರಿಗೂ ಶೆಕಿ ಆಕ್ಕೈತೇನು?" ಎಂದಳು ಅಂಗಡಿಯಕ್ಕ. ಬಸ್ ನಿಲ್ಲುವಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾಳಲ್ಲ, ಅವಳೇ.

ಹುಡುಗಿ ನಕ್ಕಳು. ಅವಳು ಸಿನಿಮಾ ನಿರ್ದೇಶಕಿ. ಈ ನಾಲ್ವರು ಜಗತ್ತಿನಲ್ಲೆಲ್ಲ ಹೆಸರಾದ ರಾಕ್ ಬ್ಯಾಂಡಿನವರಂತೆ. ಅವರನ್ನು ಅಣಕಿಸಿ ಅವಳು ಒಂದು ಪ್ರಯೋಗದ ಸಿನಿಮಾ ಮಾಡುವವಳಿದ್ದಳು. ಅವರ ಮೆರೆದಾಟ, ಜಗಳ, ಕೊನೆಯ ಸಂಗೀತ ಕಚೇರಿ ಎಲ್ಲವೂ ಅದರಲ್ಲಿ ಇರುತ್ತದೆ, ಆದರೆ ಆ ಗಂಡಸರ ಪಾತ್ರಗಳನ್ನು ಹಳ್ಳಿಯ ವಯಸ್ಸಾದ ಹೆಂಗಸರು ಮಾಡುತ್ತಾರೆ ಎಂದಳು.

"ಯಾವ ಹಳ್ಳಿಯವ್ರು?" ಎಂದು ಗೌಡಸಾನಿ ಕೇಳಿದರು.

"ನೀವೇ ಅಮ್ಮ."

ನಾನು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡೆ.

ಪಾತ್ರ ಹಂಚುವುದು ಹೇಗೆಂದು ನನಗೆ ಆಗ ತಿಳಿಯಿತು. ನಾನು ಅಂದುಕೊಂಡದ್ದು, ಹಾಡಿಸಿ ನೋಡುತ್ತಾರೆ, ಚೆನ್ನಾಗಿ ಹಾಡಿದವರು ಹಾಡುಗಾರರಾಗುತ್ತಾರೆ ಎಂದು. ಅವಳು ಯಾರನ್ನೂ ಹಾಡಿಸಲಿಲ್ಲ. ಗುಡಿಯ ಬಾಜು ಖೋಲಿಯೊಳಗೆ ಒಬ್ಬೊಬ್ಬರನ್ನೇ ಕರೆದಳು. ಕಪ್ಪು ಕನ್ನಡಕ ಹಾಕಿ ಸುಮ್ಮನೆ ಕೂರಿಸಿದಳು. ಸಿಟ್ಟು ಮಾಡಿರಿ ಎಂದಳು. ಕೊನೆಗೆ ಕೈಗೆ ಒಂದು ತಂಬಿಗೆ ನೀರು ಕೊಟ್ಟು, "ಕ್ಯಾಮೆರಾ ಹಿಡಿದವರ ಮೇಲೆ ಎರಚಿ," ಎಂದಳು. ಗೌಡಸಾನಿ ಅಂಗಳಕ್ಕೆ ಸಗಣಿ ನೀರು ಹೊಡೆದಂತೆ ಹೊಡೆದರು. ಅಂಗಡಿಯಕ್ಕ ಎರಚಿ, ಆಮೇಲೆ ತನ್ನ ಸೆರಗಿನಿಂದಲೇ ಆ ಹುಡುಗನ ಮುಖ ಒರೆಸಿದಳು. ನನ್ನ ಸರದಿ ಬಂದಾಗ ಕ್ಯಾಮೆರಾದವನು ಅದಾಗಲೇ ತೊಯ್ದು ತೊಪ್ಪೆಯಾಗಿ ನಿಂತಿದ್ದ. ನನಗೆ ಎರಚಲು ಮನಸ್ಸು ಬರಲಿಲ್ಲ. "ಕುಡೀತಿಯೇನಪಾ?" ಎಂದು ತಂಬಿಗೆಯನ್ನು ಅವನ ಕೈಗೆ ಕೊಟ್ಟೆ.

ನಿರ್ದೇಶಕಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಹಾಡುಗಾರ ಸಿಕ್ಕಿದ," ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡಂದಿನಿಂದ ನಾನು ಭಜನೆಯಲ್ಲಿ ಹಿಂದಿನ ಗೋಡೆಗೆ ಆತು ಕೂರುವವಳು. ಕೈಯಲ್ಲಿ ತಾಳ ಇರುತ್ತದೆ, ಹಾಡು ತುಟಿಯಿಂದ ಈಚೆ ಬರುವುದಿಲ್ಲ. ಅಂಥವಳು ಆ ಅಂಗಿ ಹರಿದುಕೊಳ್ಳುವವನ ಪಾತ್ರ ಮಾಡಬೇಕಂತೆ. ಒಲ್ಲೆ ಎನ್ನುವುದಕ್ಕೂ ಧೈರ್ಯ ಬೇಕಲ್ಲ, ಅದೂ ನನ್ನಲ್ಲಿ ಇರಲಿಲ್ಲ. ಹಾಗಾಗಿ ಒಪ್ಪಿಕೊಂಡಂತಾಯಿತು.

ಗಿಟಾರುಗಳು ಗೌಡಸಾನಿಗೆ ಒಂದು, ಅಂಗಡಿಯಕ್ಕನಿಗೆ ಒಂದು ಎಂದಾಯಿತು. ನಿಜವಾದ ಗಿಟಾರು ಬೇಡ, ಕಲಘಟಗಿಯ ತೊಟ್ಟಿಲು ಮಾಡುವವರಿಂದ ಕಟ್ಟಿಗೆಯಲ್ಲಿ ಮಾಡಿಸೋಣ ಎಂದಳು ನಿರ್ದೇಶಕಿ. ನಾವು ಬಸ್ಸು ಹತ್ತಿ ಹೋದೆವು. ತೊಟ್ಟಿಲಿನ ಯಜಮಾನರು ಫೋನಿನಲ್ಲಿದ್ದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಕೂಸನ್ನ ಎಲ್ಲಿ ಮಲಗಸ್ತೀರಿ?" ಎಂದರು. ಆದರೂ ಮಾಡಿ ಕೊಟ್ಟರು. ತೊಟ್ಟಿಲಿಗೆ ಬಳಿಯುವ ಅದೇ ಕೆಂಪು, ಅದೇ ಹಳದಿ, ಸುತ್ತಲೂ ಗಿಳಿ, ಕಮಲದ ಹೂ. ತಂತಿ ಮೀಟಿದರೆ ಸಪ್ಪಳ ಬರುತ್ತಿರಲಿಲ್ಲ. ಗಿಟಾರಿನ ದನಿಯನ್ನು ಆಮೇಲೆ ಸೇರಿಸಬಹುದು, ಆದರೆ ಹಾಡು ಮತ್ತು ತಾಳ ಮಾತ್ರ ನಿಂತಲ್ಲೇ ನಿಜವಾಗಿ ಆಗಬೇಕು ಎಂಬುದು ನಿರ್ದೇಶಕಿಯ ಹಟ.

ತಾಳಕ್ಕೆ ಜನ ಸಿಗಲಿಲ್ಲ. ಭಜನೆಯಲ್ಲಿ ಡೋಲಕ್ ಬಾರಿಸುವವರು ಗಂಡಸರು, ಸಿನಿಮಾದಲ್ಲಿ ಹೆಂಗಸರೇ ಆಗಬೇಕು. ಮಂಡಳಿಯ ಒಬ್ಬೊಬ್ಬರ ಮುಂದೆಯೂ ಎಣ್ಣೆಯ ಡಬ್ಬಿ ಬೋರಲು ಹಾಕಿ ಬಡಿಸಿ ನೋಡಿದಳು. ಒಬ್ಬರದು ಬಸ್ಸು ತಪ್ಪುತ್ತದೆ ಎನ್ನುವಂತೆ ಓಡುತ್ತಿತ್ತು, ಇನ್ನೊಬ್ಬರದು ನಡುವೆ ನಿದ್ದೆ ಹೋಗುತ್ತಿತ್ತು. ಆಗ ಗೌಡಸಾನಿ ಹೇಳಿದರು:

"ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಕೆಳಗಿನ ಓಣ್ಯಾಗ ಟೀಚರ್ ಅದಾಳಲ್ಲ, ಅಕೀನ ಕರೀರಿ. ಹಲಗಿ ಅವ್ರಿಗೆ ಹುಟ್ಟಾ ಬರತೈತಿ."

ಹಲಗೆ ನಿಮಗೆ ಗೊತ್ತು. ಹೋಳಿ ಹುಣ್ಣಿಮೆಗೆ ನೀವು ಹೆಗಲಿಗೆ ತಗುಲಿಸಿಕೊಂಡು ಓಣಿ ತುಂಬ ಬಾರಿಸುವ ಚರ್ಮದ ವಾದ್ಯ ಅದೇ. ಉಳಿದ ದಿನಗಳಲ್ಲಿ ಅದನ್ನು ಬಾರಿಸುತ್ತಿದ್ದವರು ಕೆಳಗಿನ ಓಣಿಯವರು ಮಾತ್ರ. ಹೆಣದ ಮುಂದೆ, ಊರಿಗೆ ಡಂಗುರ ಸಾರುವಾಗ, ಕರೆದ ಕಡೆಗೆ ಹೋಗಿ ಬಾರಿಸಬೇಕಿತ್ತು. ನಿರ್ದೇಶಕಿಯ ಮುಖ ಅರಳಿತು. "ಡ್ರಮ್ಮಿನ ಬದಲು ಹಲಗೆ! ಇದು ನನಗೆ ಹೊಳೆದೇ ಇರಲಿಲ್ಲ," ಎಂದಳು. ಅಂಗಡಿಯಕ್ಕ ತಲೆದೂಗಿದಳು, ನಾನೂ ತಲೆದೂಗಿದೆ. ಟೀಚರ್ ಹಲಗೆ ಹಿಡಿದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಅವರಿಗೆ ಅದು ಬರುತ್ತದೆಯೇ ಎಂದು ಕೇಳಬೇಕೆಂಬುದು ಯಾರಿಗೂ ತೋಚಲಿಲ್ಲ.

ಕರೆಯಲು ನನ್ನನ್ನು ಕಳಿಸಿದರು. ಅವರು ನಮ್ಮೂರಿನ ಅಂಗನವಾಡಿ ಟೀಚರ್ ಆಗಿದ್ದವರು. ನಿಮ್ಮ ಅಪ್ಪ ಮೊದಲು ಅಕ್ಷರ ತಿದ್ದಿದ್ದು ಅವರ ತೊಡೆಯ ಮೇಲೆ. ನಾನು ಹೋದಾಗ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಬುದ್ಧನ ಫೋಟೋದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು, ಚಹಾ ಮಾಡಿದರು. ಸಿನಿಮಾ ಎಂದೊಡನೆ ಕನ್ನಡಕ ಹಾಕಿಕೊಂಡು ನೆಟ್ಟಗೆ ಕುಳಿತರು.

"ನಾ ಏನ್ ಮಾಡಬೇಕ್ರಿ ಅಕ್ಕಾರ?"

"ಹಲಗಿ ಬಾರಸೂದ್ರಿ, ಟೀಚರ್."

ಅವರ ಮುಖದಲ್ಲಿದ್ದ ನಗು ಅಲ್ಲಿಯೇ ನಿಂತಿತು. ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟರು.

"ಯಾರ ಹೇಳಿದ್ರು ನನಗ ಹಲಗಿ ಬರತೈತಂತ?"

ನಾನು ನೆಲ ನೋಡಿದೆ.

"ನಮ್ಮಪ್ಪ ಬಾರಸ್ತಿದ್ದ. ಊರಾಗ ಯಾರ ಸತ್ರೂ ಕರಿ ಬರತಿತ್ತು. ಉಣ್ಣಾಕ ಕುಂತಿದ್ರ ಗಂಗಾಳ ಬಿಟ್ಟು ಎದ್ದು ಹೋಗಬೇಕು. ನಾ ಸಾಲಿಗೆ ಹ್ವಾದ ವರ್ಷ ಅಂವ ಹಲಗಿ ಕೆಳಗಿಟ್ಟ. ಆಮ್ಯಾಲ ನಮ್ಮ ಮನ್ಯಾಗ ಯಾರೂ ಅದನ್ನ ಮುಟ್ಟಿಲ್ರಿ. ಹೆಂಗ ಹಿಡೀಬೇಕಂತ ನನಗ ಗೊತ್ತೂ ಇಲ್ಲ."

ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ನನಗೆ ಇದು ತಿಳಿದಿರಲಿಲ್ಲ. ಏಳಲು ಸೆರಗು ಸರಿಮಾಡಿಕೊಂಡೆ. ಆಗ ಅವರೇ ಕೇಳಿದರು:

"ಹಾಡಾಕ ಯಾರ್ನ ಆರಿಸ್ಯಾರ್ರಿ?"

"ನನ್ನ."

"ನಿಮ್ಮನ್ನ?" ಅವರು ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ಹೊರಗೆ ಬಂತು. "ಅಕ್ಕಾರ, ನೀವು ಸಂತ್ಯಾಗ ಬದ್ನಿಕಾಯಿ ಕೇಳಿದ್ರ ಆ ಅಂಗಡಿಯಾಂವ ಮೂರು ಸಲ 'ಏನು?' ಅಂತಾನ."

ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಬಿಡಿಸಿಟ್ಟ ಸೊಪ್ಪಿನ ಕಡೆ ನೋಡುತ್ತ ಹೇಳಿದರು. "ಹಾಡೂದಂದ್ರ ಈಗಿಂದೀಗ ಎದ್ದು ಬರ್ತೀನಿ. ದಿನಾ ಕೂಸುಗೋಳ ಮುಂದ ಹಾಡಿ ಹಾಡಿ ರಿಟೈರ್ ಆದೆ. ಅವಾಗಿಂದ ನನ್ನ ದನಿ ನನಗ ಕೇಳಿಲ್ಲ. ದೊಡ್ಡವ್ರು ಯಾರೂ ಇವತ್ತಿನ ತನಕ ನನಗ ಹಾಡಂತ ಅಂದಿಲ್ರಿ."

ಮರುದಿನ ನಿರ್ದೇಶಕಿ ತಾನೇ ಅವರ ಮನೆಗೆ ಹೊರಟಳು, ನನ್ನನ್ನೂ ಕರೆದೊಯ್ದಳು. ಹಲಗೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದಳು. "ಅದು ನಿಮ್ಮ ಪರಂಪರೆ ಅಮ್ಮ. ನಾಚಿಕೆ ಯಾಕೆ? ನೀವು ಹೆಮ್ಮೆಯಿಂದ ಬಾರಿಸಬೇಕು."

ಟೀಚರ್ ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಅಜ್ಜಾರು ಏನ್ ಮಾಡ್ತಿದ್ರು ಮೇಡಂ?"

"ತಾತನಾ? ಅಡುಗೆಯವರು. ಮದುವೆ ಮನೆಗಳಿಗೆ ಅಡುಗೆ ಮಾಡ್ತಿದ್ರು."

"ಹಂಗಾರ ಆ ಕ್ಯಾಮೆರಾ ಇಲ್ಲಿಟ್ಟು ಸೌಟು ಹಿಡೀರಿ. ಅದು ನಿಮ್ಮ ಪರಂಪರಿ."

ನಿರ್ದೇಶಕಿಯ ಕಿವಿಗಳು ಕೆಂಪಗಾದವು. ಟೀಚರ್ ಸಿಟ್ಟಿನಿಂದ ಹೇಳಿರಲಿಲ್ಲ. ಮಕ್ಕಳಿಗೆ ಚಪ್ಪಲಿ ಸಾಲಾಗಿ ಬಿಡಿರಿ ಎನ್ನುವ ದನಿಯಲ್ಲೇ ಹೇಳಿದ್ದರು. ಅದಕ್ಕೇ ಇನ್ನೂ ಜೋರಾಗಿ ತಗುಲಿತು.

ಹೊರಗೆ ಬಂದು ಕೆರೆಯ ದಂಡೆಯ ತನಕ ನಡೆದೆವು. ಆಮೇಲೆ ಅವಳು ಹೇಳಿದಳು, "ನನ್ನದು ತಪ್ಪಾಯ್ತು ಅಮ್ಮ, ಒತ್ತಾಯ ಮಾಡಲ್ಲ. ಹುಬ್ಬಳ್ಳಿಯಿಂದ ಬಾರಿಸೋ ಹೆಂಗಸು ಯಾರನ್ನಾದರೂ ಕರೆಸ್ತೀನಿ. ಟೀಚರಿಗೆ ಆಸೆ ಇದ್ದರೆ ಗುಂಪಿನಲ್ಲಿ ನಿಲ್ಲಲಿ, ಕೊನೇ ಕಚೇರೀಲಿ ಜನ ಬೇಕಲ್ಲ."

"ಒಮ್ಮಿ ಅವ್ರ ಹಾಡು ಕೇಳ್ರಿ ಮೇಡಂ."

"ಚೆನ್ನಾಗಿ ಹಾಡೋರು ನನಗೆ ಬೇಡಮ್ಮ. ನಾಚಿಕೆ ಸ್ವಭಾವದವರು ಆ ಹುಚ್ಚು ಹಾಡುಗಾರ ಆಗೋದೇ ತಮಾಷೆ. ಅದಕ್ಕೇ ನೀವು."

ಗುಂಪಿನಲ್ಲಿ ನಿಲ್ಲಲಿ ಎಂಬ ಮಾತು ನನಗೆ ಸರಿಬರಲಿಲ್ಲ. ಹಾಡು ಬೇಕೆಂದವರಿಗೆ ಹಾಡಿಲ್ಲ. ಬೇಡವೆಂದು ಒದ್ದಾಡುತ್ತಿದ್ದ ನನಗೆ ಹಾಡು. ನಾನು ನಿಂತೆ.

"ಹಂಗಾರ ನಾ ಹಾಡಂಗಿಲ್ರಿ. ಅವ್ರು ಹಾಡ್ಲಿ. ಹಲಗಿ ನಾ ಬಾರಸ್ತೀನಿ."

ಮಾತು ಬಾಯಿಂದ ಬಿದ್ದ ಮೇಲೆ ನನಗೇ ದಿಗಿಲಾಯಿತು. ಬಗ್ಗಿ ಎತ್ತಿಕೊಳ್ಳುವಂತಿದ್ದರೆ ಎತ್ತಿಕೊಳ್ಳುತ್ತಿದ್ದೆ.

"ನಿಮಗೆ ಬರುತ್ತಾ?"

"ಇಲ್ರಿ."

"ನಾಚಿಕೆಯವರು ಹಾಡಿದ್ರೆ ನಗು ಬರುತ್ತೆ ಅಂತ ಗೊತ್ತಿತ್ತು. ಹಲಗೆ ಬಾರಿಸಿದ್ರೆ ಏನು ಬರುತ್ತೆ ಅಂತ ನನಗೂ ಗೊತ್ತಿಲ್ಲ," ಎಂದಳು. "ಆಗಲಿ."

ಸಿನಿಮಾದವರು ಹುಬ್ಬಳ್ಳಿಯಿಂದ ತಂದ ಹಲಗೆಯನ್ನು ಹಿತ್ತಲಲ್ಲಿ ಇಟ್ಟುಕೊಂಡು ಕಲಿಯತೊಡಗಿದೆ. ಒಂದು ಕೈಯಲ್ಲಿ ತೆಳುವಾದ ಉದ್ದ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು. ಬಾರಿಸುವ ಮೊದಲು ಹುಲ್ಲು ಹೊತ್ತಿಸಿ ಚರ್ಮವನ್ನು ಕಾಯಿಸಬೇಕು, ಇಲ್ಲದಿದ್ದರೆ ಒದ್ದೆ ಚೀಲ ಬಡಿದ ಹಾಗೆ ಸಪ್ಪಳ. ಇಷ್ಟು ನನಗೂ ಗೊತ್ತಿತ್ತು, ಮುಂದಿನದು ಗೊತ್ತಿರಲಿಲ್ಲ. ನಮ್ಮ ಹಿತ್ತಲಿಗೂ ನಿಮ್ಮ ಸಣ್ಣ ಮುತ್ಯಾನ ಹಿತ್ತಲಿಗೂ ನಡುವೆ ಒಂದೇ ಗೋಡೆ. ಮೊದಲ ದಿನವೇ ನನ್ನ ಮೈದುನ ಗೋಡೆಯ ಮೇಲೆ ಮುಖ ತೋರಿಸಿದ.

"ವೈನೀ, ಏನಿದು? ಕೊಳ್ಳಾಗ ಲಿಂಗ, ಹೆಗಲಿಗೆ ಹಲಗಿ! ಮಂದಿ ಏನಂದಾರು?"

ನಾನು ಅವನಿಗೆ ಎದುರಾಡಿದವಳಲ್ಲ. ಅಂದು ಕೈಯಲ್ಲಿ ಕೋಲಿತ್ತು, ಅದಕ್ಕೇ ಇರಬೇಕು. "ಹೋಳಿಗೆ ನೀನೂ ಬಾರಸ್ತಿದ್ದೆಲ್ಲ ತಮ್ಮಾ. ಅವಾಗ ಲಿಂಗ ಗೂಟಕ್ಕ ಹಾಕಿ ಹೋಗತಿದ್ದೇನು?"

"ಅದು ಹಬ್ಬ ಬೇ!" ಎಂದು ಕೆಳಗಿಳಿದು ಹೋದ. ಮರುದಿನ ಗೋಡೆಯಾಚೆಯಿಂದ ಕೆಮ್ಮಿದ. ಅದರ ಮರುದಿನ ಬಾಗಿಲು ಧಡಾರನೆ ಹಾಕಿಕೊಂಡ. ಕೊನೆಗೆ ಒಂದು ಬೆಳಿಗ್ಗೆ ನಮ್ಮ ಹಿತ್ತಲಿಗೇ ಬಂದು ಹಲಗೆಯನ್ನು ನನ್ನ ಹೆಗಲಿಂದ ಇಳಿಸಿ ತಾನು ತಗುಲಿಸಿಕೊಂಡ.

"ಮಂದಿ ಅನ್ನೂದು ಹಾಳಾಗ್ಲಿ. ಈ ತಪ್ಪ ತಾಳ ಕೇಳಿ ನಮ್ಮ ಎಮ್ಮಿ ಹಾಲು ಹಿಂಡಗೊಡವಲ್ದು. ನೋಡ್ರಿಲ್ಲೆ, ಕಡ್ಡೀನ ಒತ್ತಿ ಹಿಡೀಬಾರ್ದು, ಬೆರಳಾಗ ಆಡಬೇಕು ಅದು. ಮತ್ತ ಏನ ಆಗ್ಲಿ, ಬಾಜು ಮನಿ ಬೀಳ್ಲಿ, ಕೈ ಮಾತ್ರ ನಿಂದರ್ಸಬ್ಯಾಡ್ರಿ."

ಹೀಗೆ ಕಲಿತೆ. ಬೆರಳಿನಲ್ಲಿ ಬೊಕ್ಕೆ ಎದ್ದವು. ರೊಟ್ಟಿ ಬಡಿಯುವಾಗಲೂ ಅದೇ ತಾಳ ಬರತೊಡಗಿತು.

ಎಲ್ಲರೂ ಸೇರಿ ಮೊದಲ ತಾಲೀಮು ಶಾಲೆಯ ಬಯಲಿನಲ್ಲಿ. ನಿರ್ದೇಶಕಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಗುರುತು ಹಾಕಿದ್ದಳು, ಯಾರು ಎಲ್ಲಿ ನಿಲ್ಲಬೇಕೆಂದು. ಮುಂದೆ ನಡುವೆ ಟೀಚರ್. ಅವರ ಹಿಂದೆ ಎಡಕ್ಕೆ ಗೌಡಸಾನಿ, ಬಲಕ್ಕೆ ಅಂಗಡಿಯಕ್ಕ. ಎಲ್ಲರ ಹಿಂದೆ ನಾನು. ಗೌಡಸಾನಿ ತಮ್ಮ ಗುರುತಿನ ಮೇಲೆ ನಿಂತು ಮುಂದಿನ ಗುರುತನ್ನು ನೋಡಿದರು.

"ಅದು ಯಾರ ಜಾಗ?"

"ಟೀಚರದು ಅಮ್ಮ. ಹಾಡೋರು ಮುಂದೆ."

"ಅಕಿ ಮುಂದ, ನಾ ಅಕಿ ಬೆನ್ನ ನೋಡಿಕೋತ ನಿಂದ್ರಬೇಕು?"

ಟೀಚರ್ ಅಲ್ಲೇ ಇದ್ದರು. ಅವರು ತಮ್ಮ ಗುರುತಿನ ಮೇಲೆ ಹೋಗಿ ನಿಂತರು. ಗೌಡಸಾನಿ ನನ್ನ ಕಡೆ ತಿರುಗಿದರು. "ನೀ ಹೇಳಿ ಕೊಟ್ಟಿದ್ದೇನು ಇದನ್ನ? ಇಷ್ಟ ವರ್ಷ ಬಾಯಾಗ ಬೆರಳಿಟ್ರೂ ಕಚ್ಚತಿದ್ದಿಲ್ಲ ನೀ." ಆಮೇಲೆ ಗಿಟಾರನ್ನು ಬಿಂದಿಗೆಯಂತೆ ಸೊಂಟಕ್ಕೆ ಇಟ್ಟುಕೊಂಡು, ಸೆರಗು ಬೀಸುತ್ತ, ಬಯಲು ದಾಟಿ ಮನೆಗೆ ಹೊರಟುಹೋದರು. ಒಮ್ಮೆಯೂ ಹಿಂದೆ ನೋಡಲಿಲ್ಲ.

ಸಿನಿಮಾ ಮುಗಿಯಿತು ಎಂದುಕೊಂಡೆ. ನಿರ್ದೇಶಕಿ ಸುಣ್ಣದ ಪುಡಿ ಹತ್ತಿದ ಕೈಗಳನ್ನು ತಲೆಯ ಮೇಲೆ ಹೊತ್ತು ಕುಳಿತಳು. ಗುರುತು ಬದಲಿಸುತ್ತೀರೇನು ಎಂದು ಅಂಗಡಿಯಕ್ಕ ಕೇಳಿದಳು. ಟೀಚರ್ ನಿರ್ದೇಶಕಿಯ ಬಾಯನ್ನೇ ನೋಡುತ್ತಿದ್ದರು. "ಇಲ್ಲ," ಎಂದಳು ನಿರ್ದೇಶಕಿ, "ಹಾಡೋರು ಮುಂದೇನೇ ನಿಲ್ಲೋದು."

ಆಗ ಕ್ಯಾಮೆರಾದವನು ಮೆಲ್ಲಗೆ ಕೆಮ್ಮಿದ. ಅವನು ಕ್ಯಾಮೆರಾ ಆರಿಸಿರಲಿಲ್ಲವಂತೆ. ಗೌಡಸಾನಿ ಹೋದದ್ದು ಪೂರ್ತಿ ಅದರಲ್ಲಿತ್ತು. ನಿರ್ದೇಶಕಿ ಮತ್ತೆ ಮತ್ತೆ ನೋಡಿದಳು. ಆ ಹೆಸರಾದ ಬ್ಯಾಂಡೂ ಕೊನೆಗೆ ಹೀಗೆಯೇ ಒಡೆದದ್ದಂತೆ, ಯಾರು ಮುಂದೆ ಯಾರು ಹಿಂದೆ ಎಂದು. ಆದರೆ ಕೇಳದೆ ಅದನ್ನು ಹಾಕುವಂತಿಲ್ಲ ಎಂದು ಅಂಗಡಿಯಕ್ಕನನ್ನು ಕರೆದುಕೊಂಡು ಗೌಡಸಾನಿಯ ಮನೆಗೆ ಹೋದಳು. ಅಲ್ಲಿ ಆದದ್ದನ್ನು ಅಂಗಡಿಯಕ್ಕ ಇಂದಿಗೂ ನಟಿಸಿ ತೋರಿಸುತ್ತಾಳೆ. ಗೌಡಸಾನಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತಾವು ನಡೆದುಹೋಗುವುದನ್ನು ನೋಡಿದರಂತೆ. ಬೈಗುಳ ಬರುತ್ತದೆ ಎಂದು ಇವರಿಬ್ಬರೂ ಬಾಗಿಲ ಕಡೆ ಸರಿದು ಕುಳಿತಿದ್ದರು.

"ಸೆರಗು ಸರಿ ಐತಲ್ಲ?" ಎಂದು ಕೇಳಿದರಂತೆ ಗೌಡಸಾನಿ. "ಐತ್ರಿ," ಎಂದಳಂತೆ ಅಂಗಡಿಯಕ್ಕ. "ಹಂಗಾರ ಇರ್ಲಿ. ಆದ್ರ ನಾ ಹೊಳ್ಳಿ ಬರಂಗಿಲ್ಲ."

ಬರಲಿಲ್ಲ. ಅವರ ಜಾಗದಲ್ಲಿ ಖಾಲಿ ಗುರುತನ್ನು ಹಾಗೆಯೇ ಬಿಟ್ಟೆವು.

ಕೊನೆಯ ಕಚೇರಿಯ ಚಿತ್ರೀಕರಣಕ್ಕೆ ಊರಿನ ಜನವೆಲ್ಲ ಬಂದಿದ್ದರು. ಅವರು ಹುಚ್ಚು ಅಭಿಮಾನಿಗಳಾಗಿ ಚೀರಬೇಕು, ಅಳಬೇಕು. ಹೇಳಿಕೊಟ್ಟಾಗ ಯಾರೂ ಚೀರಲಿಲ್ಲ. ಗಂಡಸರು ಕೈಕಟ್ಟಿ ನಿಂತರು, ಪಂಚಾಯತಿಯಲ್ಲಿ ತೀರ್ಮಾನ ಕೇಳುವವರ ಹಾಗೆ. ಗೌಡಸಾನಿಯ ಮಗ ಮುಂದಿನ ಸಾಲಿನಲ್ಲೇ ಇದ್ದ, ಮೀಸೆ ಸರಿಮಾಡಿಕೊಳ್ಳುತ್ತ. ಮೈದುನ ಬಂದು ಹಲಗೆ ಕಾಯಿಸಿ ಕೊಟ್ಟ. ಯಾರೋ ಹಿಂದಿನಿಂದ ಸೀಟಿ ಹೊಡೆದರು. ಟೀಚರ್ ಕಪ್ಪು ಕನ್ನಡಕ ಹಾಕಿಕೊಂಡು ಮೈಕಿನ ಮುಂದೆ ನಿಂತರು. ನನಗೆ ಅವರ ಬೆನ್ನು ಕಾಣುತ್ತಿತ್ತು. ರವಿಕೆ ಬೆವರಿನಿಂದ ತೊಯ್ದಿತ್ತು.

ಹಾಡಿಗೆ ನಿರ್ದೇಶಕಿ ಇಂಗ್ಲಿಷಿನಂತೆ ಕೇಳುವ, ಅರ್ಥವಿಲ್ಲದ ಮಾತುಗಳನ್ನು ಬರೆದುಕೊಟ್ಟಿದ್ದಳು. ನಾನು ತಾಳ ಶುರು ಮಾಡಿದೆ. ಟೀಚರ್ ಬಾಯಿ ತೆರೆದರು, ಮುಚ್ಚಿದರು. ಮಾತು ಮರೆತಿದ್ದರು. ತಾಳ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಸೀಟಿ ಮತ್ತೆ ಕೇಳಿತು. ಕೈ ನಿಲ್ಲಿಸಬೇಡ, ಕೈ ನಿಲ್ಲಿಸಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಗ ಅವರು ಕನ್ನಡಕ ತೆಗೆದು, ಆ ಲ್ಯಾಪ್‌ಟಾಪಿನ ಗಂಡಸು ಚೀರಿದ್ದಕ್ಕಿಂತ ಜೋರಾಗಿ ಕೂಗಿದರು:

"ಕೈಯ ತೋರು ಕೈಯ ತೋರು, ಮಣ್ಣು ಎಲ್ಲೈತಿ?"

ಎಲ್ಲಿಂದಲೋ ಒಂದು ಗಂಡು ದನಿ, ತಡೆದುಕೊಳ್ಳಲಾಗದೆ ಬಂದಂತೆ ಬಂತು. "ಇಲ್ರೀ ಟೀಚರ್!"

ಅವರು ಅಂಗನವಾಡಿಯಲ್ಲಿ ಊಟಕ್ಕೆ ಮೊದಲು ಹಾಡಿಸುತ್ತಿದ್ದ ಹಾಡದು. ಅಲ್ಲಿ ನಿಂತವರಲ್ಲಿ ಬಹಳ ಮಂದಿ ಅವರ ಕೈಯಿಂದ ಉಂಡು ಬೆಳೆದವರು. "ಉಗುರು ತೋರು ಉಗುರು ತೋರು, ಕರಿದು ಎಲ್ಲೈತಿ?" ಈ ಸಲ ಬಯಲಿಗೆ ಬಯಲೇ ಕೂಗಿತು. ಬಸ್ಸಿನ ಡ್ರೈವರ್, ಟ್ರ್ಯಾಕ್ಟರಿನವರು, ಮದುವೆಯಾಗಿ ತವರಿಗೆ ಬಂದ ಹೆಣ್ಣುಮಕ್ಕಳು, ಎಲ್ಲರೂ ಎರಡೂ ಕೈ ಮುಂದೆ ಚಾಚಿ ಅಂಗೈ ತೋರಿಸಿದರು, ತಿರುಗಿಸಿ ಉಗುರು ತೋರಿಸಿದರು. ಗೌಡಸಾನಿಯ ಮಗನ ಕೈಗಳೂ ಮೇಲಿದ್ದವು. ತನ್ನ ಕೈಗಳು ಮೇಲೆದ್ದದ್ದನ್ನು ಅವನು ಆಮೇಲೆ ಕಂಡ ಹಾಗಿತ್ತು. ಇಳಿಸಲು ನೋಡಿದ, ಅಷ್ಟರಲ್ಲಿ ಹಾಡಿನ ಮುಂದಿನ ಸಾಲು ಬಂತು. ನನ್ನ ಕೈ ನಿಲ್ಲಲಿಲ್ಲ.

ನಿರ್ದೇಶಕಿ ಕಟ್ ಎನ್ನುವುದನ್ನು ಮರೆತಿದ್ದಳು. ಹಾಡು ತಾನಾಗಿಯೇ ಮುಗಿಯಿತು. ಟೀಚರ್ ನನ್ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ದನಿ ಐತ್ರಿ ಇನ್ನೂ," ಎಂದರು.

ನೀವು ನೋಡಿದ ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಒಂದು ದಿನ ಮೇಲಿನ ಓಣಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ನಾನು ಹಿಟ್ಟಿನ ಗಿರಣಿಗೆ ಜೋಳ ಹೊತ್ತು ಹೊರಟಿದ್ದೆ. ಗುಡಿಯ ಮುಂದಿನ ಕಟ್ಟೆಯ ಮೇಲೆ ಐದಾರು ಗಂಡಸರು ಕುಳಿತಿದ್ದರು. ಎಲ್ಲರೂ ನಮ್ಮವರೇ, ನನ್ನನ್ನು ಅಕ್ಕ, ಅವ್ವ ಎನ್ನುವವರೇ. ಅವರಲ್ಲಿ ಒಬ್ಬ ನಗುತ್ತ ಕೂಗಿದ:

"ಅವ್ವಾ, ಹೊಂಟಿದ್ದು ಚೊಲೋ ಆತು. ಹೆಣ ಎತ್ತತಾರಂತ. ಹೋಗಿ ಹಲಗಿ ತಗೊಂಡ ಬಾ."

ಉಳಿದವರೂ ನಕ್ಕರು. ಕೆಟ್ಟ ಮನಸ್ಸಿನ ನಗು ಅಲ್ಲ. ನನಗೆ ಮಾತ್ರ ತಲೆಯ ಮೇಲಿನ ಬುಟ್ಟಿ ಒಮ್ಮೆಲೇ ಎರಡು ಪಟ್ಟು ಭಾರವಾದಂತಾಯಿತು. ತಲೆ ತಗ್ಗಿಸಿ ದಾಟಿ ಹೋದೆ. ಕಾಲುಗಳು ಗಿರಣಿಗೆ ಹೋಗಲಿಲ್ಲ, ಕೆಳಗಿನ ಓಣಿಗೆ ಹೋದವು.

ಟೀಚರ್ ಬುಟ್ಟಿ ಇಳಿಸಿಕೊಂಡರು, ನೀರು ಕೊಟ್ಟರು. ಹೇಳಿದೆ. ಅವರು ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ.

"ನೀವು ಏನಂದ್ರಿ?"

"ಏನೂ ಅನ್ನಲಿಲ್ರಿ. ಸುಮ್ನ ಬಂದೆ."

"ನಮ್ಮಪ್ಪನೂ ಏನೂ ಅಂತಿದ್ದಿಲ್ಲ," ಎಂದರು. "ಸುಮ್ನ ಹೋಗತಿದ್ದ."

ಅವರ ಅಂಗಳದಲ್ಲಿ ಬಿಸಿಲು ಕಟ್ಟೆಯ ಅಂಚಿನ ತನಕ ಬಂದಿತ್ತು. ನಾನು ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಎದ್ದೆ. ಬಂದ ದಾರಿಯಲ್ಲೇ ಹೊರಟೆ. ಕಟ್ಟೆ ಹತ್ತಿರವಾಯಿತು. ತಿರುಗಿ ಹೋಗಬಹುದಿತ್ತು, ಯಾರೂ ನನ್ನನ್ನು ನೋಡಿರಲಿಲ್ಲ. ಆದರೂ ಕಟ್ಟೆಯ ಮುಂದೆ ಹೋಗಿ ನಿಂತೆ. ಗಂಡಸರ ಎದುರಿಗೆ ಹಾಗೆ ನಿಂತದ್ದು ಅದೇ ಮೊದಲು.

"ಹಲಗಿ ಬಾರಸಾಕ ನನಗ ಬರತೈತಿ," ಎಂದೆ. ದನಿ ಸಣ್ಣದಾಗಿತ್ತು. ಒಬ್ಬ "ಏನು?" ಎಂದ. ಇನ್ನೊಮ್ಮೆ ಹೇಳಿದೆ, ಈ ಸಲ ಜೋರಾಗಿ. "ಬರತೈತಿ. ಆದ್ರ ನೀವು ಕರದಲ್ಲಿಗೆ ಬರಂಗಿಲ್ಲ."

ನಗುತ್ತಿದ್ದವನು ಎದ್ದು ನಿಂತ. "ಚಾಷ್ಟಿ ಮಾಡಿದ್ನಿ ಅವ್ವಾ," ಎಂದ.

"ಗೊತ್ತೈತಪಾ," ಎಂದೆ. "ನಾ ಚಾಷ್ಟಿ ಮಾಡಾಕತ್ತಿಲ್ಲ."